ಮಾರ್ತಾಳ ಗಂಡನಿಗೊಂದು ಎಲೆ

ಆ ಮನೆಯವರ ಸುದ್ದಿ ಗಂಗೆಯ ಕಿವಿಗೆ ಮೊದಲು ಬಿದ್ದದ್ದು ತೊಂಬತ್ತೊಂಬತ್ತನೇ ಇಸವಿಯ ಆಷಾಢದಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ಮಹಾಲಕ್ಷ್ಮೀ ಅಕ್ಕೋರ ಮನೆಯ ಜಗಲಿಯಲ್ಲಿ. ಮನೆಯಾಕೆಯ ಹೆಸರು ಮಾರ್ತಾ. ಗಂಡ ಹೊಳೆ ದಾಟಿಸುವ ತೆಪ್ಪದ ಸಮೇತ ನೆರೆಯಲ್ಲಿ ಕೊಚ್ಚಿಹೋದವನು, ಹೆಣವೂ ಸಿಕ್ಕಿಲ್ಲ. ಹೊಲದ ಹತ್ತಿ ಕೊಳೆತಿದೆ. ಹೇಸರಗತ್ತೆ ಸತ್ತಿದೆ. ಮಾಡಿನ ಹಲಗೆ ಒಂದೊಂದೇ ಕಳಚಿ ಬೀಳುತ್ತಿದೆ. ಎರಡು ಮಕ್ಕಳು ಒಣ ಜೋಳದ ರೊಟ್ಟಿ ಜಗಿದು ನೀರು ಕುಡಿದು ಮಲಗುತ್ತವೆ. ಇಷ್ಟಾದರೂ ಆ ಹೆಂಗಸು ದಿನಾ ಸಂಜೆ ಗಂಡನ ತಟ್ಟೆ ತೊಳೆದು, ಅದರಲ್ಲಿ ಬಡಿಸಿಟ್ಟು, ಬಾಗಿಲು ತೆರೆದು ಹೊಳೆ ನೋಡುತ್ತ ಕೂರುತ್ತಾಳಂತೆ.

ಗಂಗೆ ಎದೆ ಮೇಲೆ ಕೈ ಇಟ್ಟುಕೊಂಡಳು. ಪಾಪ, ಯಾವ ಊರಿನವರು, ಕುಮಟೆ ಬದಿಯೋ ಭಟ್ಕಳ ಬದಿಯೋ ಎಂದು ವಿಚಾರಿಸಿದಳು. ಕುಮಟೆ ಬದಿ ಆದರೆ ನಾಳೆ ಬೆಳಗಿನ ಟೆಂಪೋ ಹತ್ತಿ ಹೋಗಿ, ಆ ಹೆಂಗಸಿಗೆ ನಾಲ್ಕು ಮಾತು ಹೇಳಿ, ಮಕ್ಕಳ ಕೈಗೆ ಏನಾದರೂ ಕೊಟ್ಟು ಬರುವುದೆಂದು ಅವಳ ಮನಸ್ಸಿನಲ್ಲಿ ಆಗಲೇ ಠರಾವು ಪಾಸಾಗಿತ್ತು.

ಅಕ್ಕೋರು ತೊಡೆ ಮೇಲಿದ್ದ ದಪ್ಪ ಪುಸ್ತಕವನ್ನು ತಟ್ಟಿದರು. "ಅಮೇರಿಕದ ತೆಂಕು ಬದಿಯವ್ರು ಗಂಗೇ. ಇದ್ರೊಳಗೆ ಇರೂದು."

ಗಂಗೆಗೆ ಎರಡು ಪೆಟ್ಟು ಒಟ್ಟಿಗೇ ಬಿದ್ದವು. ಅಮೇರಿಕದಲ್ಲಿ ಬಡವರಿದ್ದಾರೆ ಎನ್ನುವುದು ಒಂದು. ಅಳು ಗಂಟಲಿಗೆ ಬಂದಮೇಲೆ ಅದು ಕತೆ ಎಂದು ಹೇಳಿದರೆ ಆ ಅಳುವನ್ನು ಎಲ್ಲಿ ಇಡುವುದು ಎನ್ನುವುದು ಇನ್ನೊಂದು.

ಮಹಾಲಕ್ಷ್ಮೀ ಅಕ್ಕೋರು ಹೊನ್ನಾವರದ ಅರ್ಧ ಊರಿಗೆ ಅಕ್ಷರ ಕಲಿಸಿ ರಿಟೈರ್ ಆದವರು. (ಉಳಿದ ಅರ್ಧಕ್ಕೆ ಕಲಿಸದಿದ್ದದ್ದು ಅವರ ತಪ್ಪಲ್ಲ, ಆ ಅರ್ಧ ಶಾಲೆಗೇ ಬರಲಿಲ್ಲ.) ಮದುವೆ ಆದವರಲ್ಲ. ಸಕ್ಕರೆ ಕಾಯಿಲೆ ಎರಡು ಕಣ್ಣನ್ನೂ ತಿಂದು ಈಗ ಒಳಗಿನ ಭಾಗಗಳಿಗೆ ಬಾಯಿ ಹಾಕಿತ್ತು. ಜೊತೆಗಿದ್ದ ತಮ್ಮನ ಮಗಳು ದಿವ್ಯಶ್ರೀ ಕುಮಟೆಯ ಬ್ಯಾಂಕಿನಲ್ಲಿ ಕೆಲಸಕ್ಕೆ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಅತ್ತೆಗೆ ಪೇಪರು ಓದಿ ಹೇಳುತ್ತಿದ್ದಳು. ಕನ್ನಡಕ್ಕೆ ತರ್ಜುಮೆಯಾದ ಈ ಪುಸ್ತಕದ್ದು ಮಾತ್ರ ನಾಲ್ಕು ಪುಟ ಓದಿ, ಇದನ್ನು ಓದಿ ಹೋದರೆ ಬ್ಯಾಂಕಿನಲ್ಲಿ ಎದುರು ನಿಂತವರೆಲ್ಲ ಸತ್ತವರ ಹಾಗೆ ಕಾಣುತ್ತಾರೆಂದು ಮಡಚಿಟ್ಟಳು. ಹೀಗಾಗಿ ಪಾರಾಯಣದ ಭಾರ ಮೂವತ್ತು ವರ್ಷದಿಂದ ಆ ಮನೆಗೆ ಮೀನು ಕೊಡುತ್ತಿದ್ದ ಗಂಗೆಯ ತಲೆಗೆ ಬಂತು. ಮಳೆಗಾಲ, ದೋಣಿ ಕಡಲಿಗಿಳಿಯುವುದಿಲ್ಲ, ಒಣ ಮೀನಿನ ಬುಟ್ಟಿ ಹನ್ನೊಂದಕ್ಕೆ ಖಾಲಿ. ಆಮೇಲೆ ಅವಳಿಗೂ ಮಾಡಲು ಎಂತದೂ ಇರಲಿಲ್ಲ.

ಗಂಗೆ ಓದಿದ್ದು ಮೂರನೇ ಇಯತ್ತೆ. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಮುಟ್ಟಿ ಮುಟ್ಟಿ ಹೋಗುವುದು. ಒತ್ತಕ್ಷರ ಬಂದರೆ ಗಂಟಲಲ್ಲಿ ಮುಳ್ಳು ಸಿಕ್ಕಿದವರ ಹಾಗೆ ನಿಲ್ಲುವುದು. ಒಂದು ಪುಟಕ್ಕೆ ಅರ್ಧ ಗಂಟೆ. ಆದರೆ ನೆನಪು ಅಂದರೆ ನೆನಪು. ಒಮ್ಮೆ ಓದಿದ್ದನ್ನು ಮೀನು ಪೇಟೆಯ ಜೊತೆಗಾತಿ ಕಮಲಿಗೆ ಹೇಳುವಾಗ ಆ ಹೇಸರಗತ್ತೆಯ ಯಾವ ಕಾಲು ಮೊದಲು ಮಡಚಿತು ಎನ್ನುವುದನ್ನೂ ಬಿಡುತ್ತಿರಲಿಲ್ಲ.

ಇನ್ನು ಗಂಗೆಯ ಸ್ವಂತ ವಿಚಾರಕ್ಕೆ ಬರಬೇಕು. ಅವಳ ಗಂಡ ಹೊನ್ನ ಎಪ್ಪತ್ತೆರಡನೇ ಇಸವಿಯಲ್ಲಿ ಬೆಳ್ಳಂಬೆಳಿಗ್ಗೆ ದೋಣಿ ತೆಗೆದುಕೊಂಡು ಹೋದವನು. ದೋಣಿಯ ಒಂದು ಹಲಗೆ ಹೊಳೆಯಾಚೆಯ ಕಾಸರಕೋಡಿನ ದಂಡೆಗೆ ಬಂತು, ಅವನು ಬರಲಿಲ್ಲ. ಹನ್ನೆರಡು ವರ್ಷ ಕಾದು, ಅವನ ತಂಗಿ ಮಂಜಿ ಮತ್ತು ಅವಳ ಗಂಡ ಮಾಬ್ಲ ಸೇರಿ ದರ್ಭೆಯ ಬೊಂಬೆ ಮಾಡಿಸಿ ಸುಟ್ಟು ಕರ್ಮ ಮುಗಿಸಿದರು. ಆಗ ಗಂಗೆ ಬಳೆ ತೆಗೆದಳು, ಅಷ್ಟೇ. ಸರಕಾರದ ಕಾಗದದಲ್ಲಿ ವಿಧವೆ, ಕೇರಿಯ ಬಾಯಲ್ಲಿ ವಿಧವೆ. ಅವಳ ಒಲೆಯ ಮುಂದೆ ಮಾತ್ರ ಅದಿನ್ನೂ ತೀರ್ಮಾನ ಆಗಿರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಕೇರಿಯ ಪ್ರತಿ ಮನೆಯಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಬಾಳೆಲೆಯಲ್ಲಿ ಬಡಿಸಿ, ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಎಲೆಯನ್ನು ಕಾಗೆಗೆ ಇಡುತ್ತಾರೆ. ಗಂಗೆ ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಹೊನ್ನನಿಗೆ ಎಲೆ ಹಾಕಿದವಳಲ್ಲ. ಎಲೆ ಹಾಕಿದರೆ ತಾನೇ ಕೈಯಾರೆ ಅವನನ್ನು ಮುಳುಗಿಸಿದ ಹಾಗೆ ಎಂದು ಅವಳ ಲೆಕ್ಕಾಚಾರ. ಆ ದಿನ ಬುಟ್ಟಿ ಹೊತ್ತು ಕರ್ಕಿ ಕಡೆ ಹೊರಟುಬಿಡುವುದು, ಎಲ್ಲ ಮುಗಿದ ಮೇಲೆ ಬರುವುದು. ಮಂಜಿ ವರ್ಷವೂ ಬಂದು ಕೇಳುತ್ತಿದ್ದಳು. ನಾನು ಹಾಕುತ್ತೇನೆ ಅತ್ತಿಗೆ, ಆದರೆ ಹೆಂಡತಿ ಕೈಯ ಅಡುಗೆ ಇಲ್ಲದೆ ನನ್ನ ಅಣ್ಣ ಅರೆಹೊಟ್ಟೆಯಲ್ಲಿ ಹೋಗುತ್ತಾನೆ, ಒಂದೇ ಒಂದು ವರ್ಷ ನೀನು ಹಾಕು ಎಂದು. ವರ್ಷವೂ ಜಗಳ. ಜಗಳವಾದ ಮೇಲೆ ಎಂಟು ದಿನ ಮಾತಿಲ್ಲ.

ಇಂಥ ಗಂಗೆಗೆ ಆ ಮಾರ್ತಾಳನ್ನು ಕಂಡರೆ ಆಗಲಿಲ್ಲ.

ಎಂತ ಹೆಂಗಸಪ್ಪಾ ಇವಳು ಎಂದು ಪುಸ್ತಕ ಮಡಚಿ ಕೆಳಗಿಡುವಳು. ಗಂಡ ಹೊಳೆಗೆ ಹೋಗಿ ವರ್ಷಗಳೇ ಆದವು, ಇವಳಿಗೆ ತಟ್ಟೆಯದೇ ಧ್ಯಾನ. ಮಗಳು ಲೂಸಿ ಮಾತು ಬಿಟ್ಟಿದ್ದಾಳೆ. ಮಗ ಬೆನ್, ಅವನ ಅಂಗಿ ಹರಿದು ಪಕ್ಕೆಲುಬು ಕಾಣುತ್ತದೆ. ತಟ್ಟೆಯ ಊಟ ಬೆಳಿಗ್ಗೆ ನಾಯಿಗೆ. ಆ ಊಟ ಮಕ್ಕಳಿಗೆ ಹಾಕಬಾರದಾ? ಇದನ್ನೆಲ್ಲ ಗಂಗೆ ಅಕ್ಕೋರ ಮುಂದೆ ನ್ಯಾಯಾಧೀಶರ ಗತ್ತಿನಲ್ಲಿ ಮಂಡಿಸುತ್ತಿದ್ದಳು. ಅಕ್ಕೋರು ಹೂಂ, ಹೂಂ ಎನ್ನುವರು. ಅವರ ಕುರುಡುಗಣ್ಣು ಗಂಗೆಯ ಮುಖದ ಕಡೆಗೇ ಇರುತ್ತಿತ್ತು.

ಗಂಗೆ ಸುಳ್ಳು ಓದಲು ಶುರು ಮಾಡಿದ್ದು ಒಣ ಶೆಟ್ಲಿಯಿಂದ, ಅಂದರೆ ಒಣಗಿಸಿದ ಸೀಗಡಿಯಿಂದ. ನಲವತ್ತನೇ ಪುಟದ ಹೊತ್ತಿಗೆ ಆ ಮಕ್ಕಳು ಒಂಬತ್ತನೇ ಸಲ ಬರೀ ರೊಟ್ಟಿ ತಿಂದವು. ಗಂಗೆಗೆ ತಡೆಯಲಿಲ್ಲ. ಬೆರಳು ಸಾಲಿನ ಮೇಲೇ ಇತ್ತು. ಬಾಯಿ ಮಾತ್ರ, ರೊಟ್ಟಿಯ ಜೊತೆ ಒಣ ಶೆಟ್ಲಿಯ ಚಟ್ನಿಯನ್ನೂ ತಿಂದರು ಎಂದಿತು.

ಅಕ್ಕೋರ ಹುಬ್ಬು ಮೇಲೆ ಹೋಯಿತು. "ಅಲ್ಲೂ ಒಣ ಶೆಟ್ಲಿ ಸಿಗ್ತದನೇ?"

"ಬರ್ದಿದ್ರಲ್ಲ ಅಕ್ಕೋರೇ. ನಾ ಎಂತ ಮಾಡೂದು?"

ಆಮೇಲೆ ಗಂಗೆಯ ಉದಾರತನಕ್ಕೆ ಕಡಿವಾಣವಿಲ್ಲ. ಮುಂದಿನ ವಾರ ಆ ಮನೆಯ ಒಲೆ ಮೇಲೆ ಬಂಗಡೆ ಸಾರು ಕುದಿಯಿತು. ಲೂಸಿಗೆ ಒಂದು ಜೊತೆ ಲಂಗ ರವಿಕೆ ಬಂತು. ಸೋರುವ ಮಾಡಿಗೆ ಯಾರೋ ಪುಣ್ಯಾತ್ಮರು ತೆಂಗಿನ ಗರಿ ಹೊದೆಸಿ ಹೋದರು. ಸತ್ತ ಅಜ್ಜಿಯ ಕುರ್ಚಿ ತನ್ನಷ್ಟಕ್ಕೇ ತೂಗುವ ಭಯಂಕರ ಅಧ್ಯಾಯವಿತ್ತು; ಗಂಗೆ ಓದಿದಾಗ ಅಜ್ಜಿ ಸುಮ್ಮನೆ ಮೊಮ್ಮಕ್ಕಳ ತಲೆ ನೇವರಿಸಿ, ಹೇನು ನೋಡಿ, ಹೋದಳು. ಇಷ್ಟು ಅನ್ನಸಂತರ್ಪಣೆ ಆ ಪುಸ್ತಕದಲ್ಲಿ ಅದು ಹುಟ್ಟಿದಾಗಿನಿಂದ ನಡೆದಿರಲಿಕ್ಕಿಲ್ಲ.

ಆದರೆ ನೂರ ನಲವತ್ತೆರಡನೇ ಪುಟದಲ್ಲಿ ಬೆನ್ ಸತ್ತ.

ಜೌಗು ನೆಲದ ಜ್ವರ. ತಾಯಿ ದಂಡೆಯಲ್ಲಿ ಗಂಡನ ದಾರಿ ಕಾಯುತ್ತ ಕೂತಿದ್ದಳು. ಮಾತು ಬಿಟ್ಟ ಅಕ್ಕ ತಮ್ಮನ ಬಾಯಿಗೆ ನೀರು ಬಿಡುತ್ತಿದ್ದಳು. ನೀರು ಕಟಬಾಯಿಯಿಂದ ಇಳಿದು ಕಿವಿಗೆ ಹೋಯಿತು, ಅಷ್ಟೇ ಬರೆದಿತ್ತು. ಗಂಗೆ ಆ ಸಾಲನ್ನು ಮನಸ್ಸಿನೊಳಗೇ ಮೂರು ಸಲ ಮುಟ್ಟಿ ನೋಡಿದಳು. ಯಾವ ಒತ್ತಕ್ಷರವನ್ನು ಹೇಗೆ ಹಿಡಿದರೂ ಹುಡುಗ ಸತ್ತೇ ಇದ್ದ.

ಎಂತಾಯಿತು, ನಿಂತೆಯಲ್ಲ ಎಂದು ಅಕ್ಕೋರು ಕೇಳಿದರು. ಗಂಗೆ ಬೆರಳನ್ನು ಮುಂದಿನ ಸಾಲಿಗೆ ಸರಿಸಿ ಓದಿದಳು. ಪಕ್ಕದ ಊರಿನಿಂದ ಬೇರಿನ ಔಷಧಿ ಕೊಡುವ ಒಬ್ಬ ಮುದುಕ ಬಂದ. ಎಡಗೈಯಲ್ಲಿ ನಾಲ್ಕೇ ಬೆರಳು, ಬಾಯಲ್ಲಿ ಎಲೆಯಡಿಕೆಯ ಕವಳ. ನಾಡಿ ಹಿಡಿದು, ಕಷಾಯ ಕುಡಿಸಿ, ಮೂರು ದಿನ ಗಂಜಿ ಕೊಡಿ ಎಂದ. ಬೆನ್ ಎದ್ದು ಕೂತ. (ಹಿರೇಗುತ್ತಿಯ ನಾಟಿ ವೈದ್ಯ ದುರ್ಗನನ್ನು ಕಂಡವರಿಗೆ ಈ ಮುದುಕ ಯಾರೆಂದು ಬೇರೆ ಹೇಳಬೇಕಿಲ್ಲ. ಬಸ್ಸಿನ ಖರ್ಚಿಲ್ಲದೆ ಅವನು ಅಮೇರಿಕಕ್ಕೆ ಹೋಗಿ ಬಂದ.) ಅಕ್ಕೋರು ಒಳ್ಳೆದಾತು ಎಂದರು.

ಹುಡುಗನನ್ನು ಬದುಕಿಸಿದ್ದಾಯಿತು. ಆದರೆ ಅವನು ಸತ್ತದ್ದು ಗಂಗೆಯೊಬ್ಬಳಿಗೇ ಗೊತ್ತು. ಆ ಭಾರ ಹೊತ್ತು ಮರುದಿನ ಮೀನು ಪೇಟೆಯಲ್ಲಿ ಕೂತವಳು ಗಿರಾಕಿಯ ಮುಂದೆಯೇ ಗೊಳೋ ಎಂದು ಅತ್ತಳು. ಪಕ್ಕದಲ್ಲಿ ಕೂರುವ ಕಮಲಿ ಗಾಬರಿಯಾಗಿ ಯಾರು ಹೋದರು ಗಂಗಕ್ಕ ಎಂದು ಕೇಳಿದಳು. ಏಳು ವರ್ಷದ ಹುಡುಗ, ಜ್ವರ, ಅಪ್ಪನೂ ಇಲ್ಲ ಎಂಬಷ್ಟು ಮಾತ್ರ ಬಿಕ್ಕುಗಳ ನಡುವೆ ಹೊರಬಂತು. ಸಂಜೆಯ ಒಳಗೆ ಗಂಗೆಯ ಅಂಗಳದಲ್ಲಿ ಹನ್ನೆರಡು ಹೆಂಗಸರ ಶೋಕಸಭೆ. ಕುಚ್ಚಿಗೆ ಅಕ್ಕಿ, ತೆಂಗಿನಕಾಯಿ ತಂದಿದ್ದರು. ಮಂಜಿಯೂ ಬಂದಳು, ನಮ್ಮ ಸಂಬಂಧದಲ್ಲಿ ಸಾವಾದರೆ ನನಗೆ ಕೊನೆಗಾ ಹೇಳುವುದು ಎಂದು ಮುಖ ಊದಿಸಿಕೊಂಡು. ಗಂಗೆ ನಾಚಿಕೆ ಬಿಟ್ಟು ವಿಷಯ ಹೇಳಿದಳು. ಪುಸ್ತಕದ ಹುಡುಗ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಮಲಿ ತಾನು ತಂದ ತೆಂಗಿನಕಾಯಿಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು. ಎದ್ದು ಹೋಗಲು ನೋಡಿ, ಹೊಸ್ತಿಲವರೆಗೆ ಹೋಗಿ, ಅಲ್ಲ ಗಂಗಕ್ಕ, ಆ ತಾಯಿಗೆ ಸುದ್ದಿ ಯಾರು ಹೇಳಿದರು ಎಂದು ಕೇಳಿದಳು. ಗಂಗೆ ಹೇಳಿದಳು. ಹನ್ನೆರಡೂ ಜನ ಮತ್ತೆ ಕೂತರು. ಅಳಬೇಕಾದದ್ದನ್ನು ಅತ್ತೇ ಹೋದರು.

ಹೀಗೆ ಮಹಾಲಯ ಬಂತು. ಈ ವರ್ಷ ಗಂಗೆ ಬುಟ್ಟಿ ಹೊತ್ತು ಕರ್ಕಿಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಮಿಂದು, ಅಂಗಳ ಸಾರಿಸಿ, ಒಲೆ ಹೊತ್ತಿಸಿದಳು. ಬಂಗಡೆ ಹುರಿಯುವ ಪರಿಮಳ ಬೇಲಿ ದಾಟಿ ಮಂಜಿಯ ಮನೆಗೆ ಹೋಯಿತು. ಮಂಜಿಗೆ ನಂಬಿಕೆ ಬರಲಿಲ್ಲ. ಇಪ್ಪತ್ತೇಳು ವರ್ಷದ ಮೇಲೆ ಅತ್ತಿಗೆ ಮನಸ್ಸು ಮಾಡಿದಳು ಎಂದು ಗಂಡ ಮಾಬ್ಲನನ್ನು ಕರೆದುಕೊಂಡು, ಕಣ್ಣೊರೆಸಿಕೊಳ್ಳುತ್ತ, ಕೈಯಲ್ಲಿ ಅಣ್ಣನಿಗೆ ಇಷ್ಟವಾದ ನಾಲ್ಕು ಹಸಿ ಮಾವಿನ ಉಪ್ಪಿನಕಾಯಿ ಹೋಳು ಹಿಡಿದು ಬಂದಳು. ಅಂಗಳದಲ್ಲಿ ಎರಡು ಎಲೆ. ದೊಡ್ಡದೊಂದು, ಚಿಕ್ಕದೊಂದು.

ಚಿಕ್ಕದು ಯಾರಿಗೆ ಎಂದು ಮಂಜಿ ಕೇಳಿದಳು. ಬೆನ್ನನಿಗೆ ಎಂದಳು ಗಂಗೆ. ಆ ತಾಯಿಗೆ ಎಲೆ ಹಾಕುವ ಬುದ್ಧಿ ಎಲ್ಲಿಂದ, ಅಲ್ಲಿ ಬಾಳೆಲೆಯಾದರೂ ಎಲ್ಲಿಂದ, ಹಸಿದ ಮಗು ಅದು. ಮಂಜಿ ಅದನ್ನು ಹೇಗೋ ನುಂಗಿಕೊಂಡಳು. ದೊಡ್ಡದು?

"ಅದು ಮಾರ್ತಾನ ಗಂಡಂಗೆ."

ಮಂಜಿಯ ಕೈಯ ಉಪ್ಪಿನಕಾಯಿ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಎರಡು ಕಾಗೆ ಬಂದು, ಕರೆಯುವುದಕ್ಕೂ ಕಾಯದೆ, ಅಮೇರಿಕದ ಎಲೆಗೆ ಬಾಯಿ ಹಾಕಿದವು. (ಕಾಗೆಗೆ ದೇಶಭಾಷೆಯ ಭೇದವಿಲ್ಲ. ಹುರಿದ ಬಂಗಡೆ ಇದ್ದರೆ ಸಾಕು.) ಬೇಲಿಯಾಚೆ ಆರೆಂಟು ತಲೆ ಸೇರಿದವು.

"ನನ್ನ ಅಣ್ಣಂಗೆ ಒಂದು ಅಗಳು ಇಲ್ಲ, ಬಿಳಿಯವಂಗೆ ಬಂಗಡೆ ಹುರ್ದು ಹಾಕಿದ್ಯಲ್ಲ ಅತ್ತಿಗೆ" ಎಂದಳು ಮಂಜಿ. ಅವಳ ಧ್ವನಿ ಜಗಳದ್ದಾಗಿರಲಿಲ್ಲ, ಅದಕ್ಕೇ ಎಲ್ಲರಿಗೂ ಕೇಳಿತು. "ಅವ್ನ ಹೆಣವಾದ್ರೂ ಸಿಕ್ಕಿತ್ತಾ?"

"ಇಲ್ಲ."

"ಮತ್ತೆ ಸತ್ತ ಹೇಳಿ ನಿಂಗೆ ಹೆಂಗೆ ಗೊತ್ತಾತು?"

ಗಂಗೆಗೆ ಈ ನಾದಿನಿಯ ದಡ್ಡತನ ನೋಡಿ ರೇಗಿತು. "ನೀರಿಗೆ ಹೋದವ ಇಷ್ಟು ವರ್ಷ ಬರ್ಲಿಲ್ಲ ಅಂದ್ರೆ ಸತ್ತ ಹೇಳಿಯೇ ಅಲ್ದನೇ? ಅಷ್ಟೂ ತಿಳೂದಿಲ್ವ ನಿಂಗೆ?"

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಗಂಗೆಗೆ ಅದು ಕೇಳಿಸಿತು. ಬೇಲಿಯಾಚೆಯ ತಲೆಗಳು ಒಂದೊಂದೇ ತಗ್ಗಿದವು. ಮಾಬ್ಲ ತಿರುಗಿ ಹೊಳೆಯ ಕಡೆ ನೋಡುತ್ತ ನಿಂತ. ಮಂಜಿ ಉಪ್ಪಿನಕಾಯಿಯನ್ನು ಚಿಕ್ಕ ಎಲೆಯ ಕೊನೆಯಲ್ಲಿ ಇಟ್ಟು ಮನೆಗೆ ಹೋದಳು. ಗಂಗೆ ಸೌಟು ಕೈಯಲ್ಲಿ ಹಿಡಿದವಳು ಹಿಡಿದ ಹಾಗೇ ಅಕ್ಕೋರ ಮನೆಗೆ ನಡೆದಳು. ಪೇಟೆಯ ತುಂಬ ಜನ ಅವಳ ಸೌಟು ನೋಡಿದರು, ಕೇಳಲು ಯಾರಿಗೂ ಧೈರ್ಯ ಬರಲಿಲ್ಲ.

ಅಕ್ಕೋರು ಎಲ್ಲ ಕೇಳಿ ಮೊದಲು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಕಣ್ಣೀರಾಗಿ, ಗಂಗೆ ಬೆನ್ನು ನೀವಬೇಕಾಯಿತು. ಸುಧಾರಿಸಿಕೊಂಡು, ಬೆನ್ ಸತ್ತದ್ದು ನೂರ ನಲವತ್ತೆರಡನೇ ಪುಟದಲ್ಲಿ ಅಲ್ಲವಾ ಎಂದು ಕೇಳಿದರು.

ಗಂಗೆಯ ಕೈ ಬೆನ್ನಿನ ಮೇಲೆ ನಿಂತಿತು. ಈ ಪುಸ್ತಕವನ್ನು ಅಕ್ಕೋರು ಕಣ್ಣಿದ್ದಾಗ ಏಳು ಸಲ ಓದಿದ್ದರಂತೆ. ಯಾವ ಪುಟದಲ್ಲಿ ರೊಟ್ಟಿ, ಯಾವ ಪುಟದಲ್ಲಿ ಹೇಸರಗತ್ತೆ, ಎಲ್ಲ ಬಾಯಿಪಾಠ. ಒಣ ಶೆಟ್ಲಿಯ ದಿನವೇ ಅವರಿಗೆ ಗೊತ್ತಾಗಿತ್ತು. ದುರ್ಗ ಬಂದದ್ದೂ ಗೊತ್ತು. ಅವರ ಮೊಣಕಾಲಿಗೆ ಕಷಾಯ ಕೊಟ್ಟವನು ಅವನೇ. ಮೂರು ತಿಂಗಳು ತಾನು ಒಂದು ಕುರುಡು ಜೀವವನ್ನು ದುಃಖದಿಂದ ಕಾಪಾಡುತ್ತಿದ್ದೇನೆ ಎಂದು ಎದೆಯುಬ್ಬಿಸಿಕೊಂಡಿದ್ದ ಗಂಗೆಗೆ, ಮೂರನೇ ಇಯತ್ತೆಯಲ್ಲಿ ತಪ್ಪು ಬರೆದ ಪಾಟಿ ಒರೆಸಿ ಸಿಕ್ಕಿಬಿದ್ದ ದಿನದಂತೆಯೇ ಕಿವಿ ಬಿಸಿಯಾಯಿತು. ಗೊತ್ತಿದ್ದರೆ ಹೇಳಬಾರದಿತ್ತಾ, ಆ ಹುಡುಗನನ್ನು ಬದುಕಿಸಲು ನಾನೆಷ್ಟು ಒದ್ದಾಡಿದೆ ಎಂದು ಸಿಟ್ಟಿನಲ್ಲೇ ಕೇಳಿದಳು.

"ನಾ ಏಳು ಸಲ ಓದಿದೆ, ಏಳು ಸಲವೂ ಅವ ಸತ್ತ" ಎಂದರು ಅಕ್ಕೋರು. "ನೀ ಓದಿದಾಗ ಮಾತ್ರ ಬದ್ಕಿದ. ಬಾಯಿ ಹಾಕೂಕೆ ಮನಸ್ಸು ಬರ್ಲಿಲ್ಲ."

ಆಮೇಲೆ, ಕೊನೆಯ ಅಧ್ಯಾಯವೊಂದನ್ನು ಬರೆದ ಹಾಗೇ ಓದು ಎಂದರು. ಗಂಗೆ ಸೌಟು ಕೆಳಗಿಟ್ಟು ಓದಿದಳು. ನಾಲ್ಕು ದಿನ ಹಿಡಿಯಿತು. ಒಂದು ಕಾಳು ಉಪ್ಪು ಕೂಡ ತನ್ನದು ಹಾಕಲಿಲ್ಲ. ಲೂಸಿ ಯಾರದೋ ಗಾಡಿ ಹತ್ತಿ ಹೊರಟುಹೋದಳು. ಹೊಳೆ ಮತ್ತೆ ಉಕ್ಕಿ ಮನೆಯ ಮೆಟ್ಟಿಲಿಗೆ ಬಂತು. ಮಾರ್ತಾ ತಟ್ಟೆ ತೊಳೆದಳು, ಬಡಿಸಿದಳು, ಬಾಗಿಲು ತೆರೆದಳು. ಅಲ್ಲಿಗೆ ಮುಗಿದಿತ್ತು. ಗಂಗೆ ಇನ್ನೊಂದು ಹಾಳೆ ಅಂಟಿಕೊಂಡಿದೆಯೋ ಎಂದು ಉಗುರಿನಲ್ಲಿ ಬಿಡಿಸಿ ನೋಡಿದಳು. ಇರಲಿಲ್ಲ. ಎಂತ ಹೆಂಗಸು ಎಂದು ಈ ಸಲ ಅವಳು ಹೇಳಲಿಲ್ಲ.

ದೀಪಾವಳಿಯ ಮುಂಚೆ ಅಕ್ಕೋರ ಕಾಲು ಊದಿತು, ಮುಖ ಊದಿತು, ಉಸಿರು ಮೇಲೆ ಮೇಲೆ ಆಯಿತು. ಹೊರ ಊರಿನ ದೊಡ್ಡ ಆಸ್ಪತ್ರೆಗೆ ಒಯ್ಯುವುದೆಂದು ದಿವ್ಯಶ್ರೀ ಕಾರು ತರಿಸಿದಳು. ಗಂಗೆ ಬೆಳಿಗ್ಗೆ ಬುಟ್ಟಿ ಇಳಿಸದೆಯೇ ಓಡಿ ಬಂದಳು. ಬಟ್ಟೆಯ ಚೀಲ, ಔಷಧಿಯ ಡಬ್ಬಿ ಎಂದು ದಿವ್ಯಶ್ರೀ ಒಳಗೆ ಹೊರಗೆ ಓಡಾಡುತ್ತಿದ್ದಳು. ಅಕ್ಕೋರು ಕಾರಿನ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದರು. ಮೀನಿನ ವಾಸನೆಗೇ ಗಂಗೆ ಬಂದದ್ದು ತಿಳಿದು ಕೈ ಚಾಚಿದರು.

ವಾಪಸು ಬರುವುದು ಇಲ್ಲ ಎಂದು ಅವರೇ ಹೇಳಿದರು, ಪೇಟೆಗೆ ಹೋಗಿ ಬರುತ್ತೇನೆ ಎಂದಷ್ಟು ಸಲೀಸಾಗಿ. ಮದುವೆಯಾಗಿ ಹೋಗುವ ಹುಡುಗಿ ದಿವ್ಯಶ್ರೀ, ತಮ್ಮನ ಮನೆಯಲ್ಲಿ ಅವರ ಹೆಸರು ಹಿಡಿದು ಕರೆಯುವವರಿಲ್ಲ. ಬರುವ ಮಹಾಲಯಕ್ಕೆ ನನಗೊಂದು ಎಲೆ ಹಾಕುತ್ತೀಯಾ ಎಂದು ಕೇಳಿದರು.

ಗಂಗೆಗೆ ಅಳು ಬಂತು, ಅಳುವಿನ ಬೆನ್ನಿಗೇ ಅಡುಗೆಯೂ ಬಂತು. ಎಲೆ ಅಂದರೆ ಎಂಥ ಎಲೆ, ತುದಿ ಹರಿಯದ ಎಲೆ. ಶೆಟ್ಲಿ ಪಲ್ಯ, ಇಸೋಣ ಮೀನಿನ ತುಂಡು, ಬಳಚು ಚಿಪ್ಪಿಯ ಸುಕ್ಕೆ, ಡಾಕ್ಟರು ಬೇಡ ಅಂದದ್ದೆಲ್ಲ ಹಾಕುತ್ತೇನೆ ಎಂದು ಮೂಗೊರೆಸುತ್ತ ಪಟ್ಟಿ ಹೇಳಿದಳು. ಆಣೆ ಹಾಕು ಎಂದು ಅಕ್ಕೋರು ಕೇಳುವ ಮೊದಲೇ ಅವರ ಕೈ ಮುಟ್ಟಿ ಆಣೆ ಹಾಕಿದಳು. ಅಕ್ಕೋರು ಆ ಕೈ ಬಿಡಲಿಲ್ಲ.

"ಆತು, ಆಣೆ ಹಾಕಿದ್ದಾತಲ್ಲ, ಈಗ ಕೇಳು" ಎಂದರು. "ನಂಗೆ ಒಬ್ಳೇ ಉಣ್ಣೂಕೆ ಕೂರೂದು ಆಗೂದಿಲ್ಲ. ಮೊದ್ಲು ಹೊನ್ನಂಗೆ ಎಲೆ ಹಾಕು, ಹೆಸ್ರು ಹೇಳಿ ಕರಿ. ಅವ ಕೂತ್ಮೇಲೆ ಅವ್ನ ಬದಿಗೆ ನಂದು ಹಾಕು. ಅವಂಗೆ ಹಾಕ್ದೆ ನಂಗೆ ಹಾಕ್ಬೇಡ."